ಮಗಳ ಕೈಕಾಲು ತಿರುಚಿಕೊಳ್ಳುತ್ತದೆ, ಮಿದುಳಿಗೆ ತಂತಿ ಹಾಕಿಸಬೇಕೇ?

ಪ್ರಶ್ನೆ: ನಮ್ಮದು ಹೆಬ್ರಿ ಹತ್ತಿರದ ಹಳ್ಳಿ. ಮಗಳಿಗೆ 16 ವರ್ಷ, ಪ್ರಥಮ ಪಿಯುಸಿ. ಒಂಬತ್ತನೇ ವರ್ಷದಲ್ಲಿ ನಡೆಯುವಾಗ ಬಲಪಾದ ಒಳಗೆ ತಿರುಗಲು ಶುರುವಾಯಿತು, ಕಾಲಲ್ಲಿ ಚಪ್ಪಲಿ ನಿಲ್ಲುತ್ತಿರಲಿಲ್ಲ. ಆಮೇಲೆ ಬರೆಯುವ ಕೈಗೂ ಬಂತು. ಈಗ ಎರಡು ವರ್ಷದಿಂದ ಸೊಂಟ ಬಾಗುತ್ತದೆ, ಕುತ್ತಿಗೆ ಎಡಕ್ಕೆ ಎಳೆಯುತ್ತದೆ. ನಿದ್ದೆಯಲ್ಲಿ ಏನೂ ಇಲ್ಲ. ಅಂಗಳದಲ್ಲಿ ಹಿಂದೆ ಹಿಂದೆ ನಡೆದರೆ ಕಾಲು ನೆಟ್ಟಗಿರುತ್ತದೆ. ಅದನ್ನು ನೋಡಿ ಶಾಲೆಯಲ್ಲಿ ನಾಟಕ ಎಂದರು. ನಾಗನ ಉಪದ್ರ ಉಂಟೆಂದು ಹೇಳಿದ್ದಕ್ಕೆ ಆಶ್ಲೇಷಾ ಬಲಿ ಮಾಡಿಸಿದೆವು. ಒಬ್ಬ ಡಾಕ್ಟರು ಫಿಟ್ಸ್ ಮಾತ್ರೆ ಕೊಟ್ಟಿದ್ದರು, ಪ್ರಯೋಜನ ಆಗಲಿಲ್ಲ. ಎಂಆರ್‌ಐ ನಾರ್ಮಲ್. ಈಗ ಪ್ಯಾಸಿಟೇನ್ 2 ಮಿ.ಗ್ರಾಂ. ಮಾತ್ರೆ ಎರಡೆರಡು, ದಿನಕ್ಕೆ ಮೂರು ಸಲ. ಸ್ವಲ್ಪ ಗುಣ ಕಂಡಿದೆ, ಆದರೆ ಬಾಯಿ ಒಣಗುತ್ತದೆ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ನರರೋಗ ತಜ್ಞರು ಇದು ಡಿಸ್ಟೋನಿಯಾ, ಮಿದುಳಿಗೆ ತಂತಿ ಹಾಕುವ ಡಿಬಿಎಸ್ ಆಪರೇಶನ್ ಬಗ್ಗೆ ಯೋಚಿಸಿ ಎಂದಿದ್ದಾರೆ. ತಲೆಗೆ ಕೈ ಹಾಕಿದರೆ ಬುದ್ಧಿ ಹೋಗುತ್ತದೆ ಎಂದು ನೆಂಟರು ಹೆದರಿಸುತ್ತಾರೆ. ದ್ವಿತೀಯ ಪಿಯುಸಿ ಮುಗಿಯುವ ತನಕ ತಡೆಯಬಹುದೇ? ಅವಳ ತಮ್ಮನಿಗೆ ಹನ್ನೊಂದು ವರ್ಷ, ಅವನಿಗೂ ಬರುತ್ತದೆಯೇ? ಮುಂದೆ ಅವಳ ಮದುವೆ, ಮಕ್ಕಳ ಗತಿ ಏನು?

ಉತ್ತರ: ನಿದ್ದೆಯಲ್ಲಿ ನಿಲ್ಲುವುದು, ಹಿಂದಕ್ಕೆ ನಡೆದರೆ ಸರಿಹೋಗುವುದು, ಈ ಎರಡನ್ನೂ ಶಾಲೆಯವರು ನಾಟಕದ ಗುರುತು ಎಂದುಕೊಂಡರು. ಡಿಸ್ಟೋನಿಯಾವನ್ನು ಬಲ್ಲ ವೈದ್ಯರಿಗೆ ಇವೇ ರೋಗದ ಗುರುತು. ನಡೆಯುವುದು, ಓಡುವುದು, ಹಿಂದಕ್ಕೆ ಹೆಜ್ಜೆ ಇಡುವುದು ನಮಗೆ ಒಂದೇ ಕಾಲಿನ ಕೆಲಸದಂತೆ ಕಂಡರೂ ಮಿದುಳು ಅವಕ್ಕೆ ಬೇರೆ ಬೇರೆ ಅಪ್ಪಣೆ ಕೊಡುತ್ತದೆ. ಈ ರೋಗದಲ್ಲಿ ಒಂದು ಅಪ್ಪಣೆ ಕೆಟ್ಟು ಇನ್ನೊಂದು ಸರಿಯಾಗಿ ಉಳಿಯಬಹುದು. ಬರೆಯುವಾಗ ಮಾತ್ರ ಕೈ ತಿರುಚಿ, ಅದೇ ಕೈ ದೋಸೆ ಮಗುಚುವಾಗ ಸರಿಯಿರುವವರೂ ಇದ್ದಾರೆ. ನಿಮ್ಮ ಮಗಳು ನಟಿಸುತ್ತಿಲ್ಲ. ಇದನ್ನು ಮೊದಲು ಅವಳಿಗೇ ಹೇಳಿ. ಏಳು ವರ್ಷದಿಂದ ಅವಳು ಕೇಳಿಸಿಕೊಂಡದ್ದು ಬೇರೆಯೇ ಮಾತು.

ಫಿಟ್ಸ್ ಕೂಡ ಅಲ್ಲ. ಅಪಸ್ಮಾರದಲ್ಲಿ ಎಳೆತ ಬಂದು ಹೋಗುತ್ತದೆ, ಇಲ್ಲಿ ಎಚ್ಚರವಿರುವಷ್ಟು ಹೊತ್ತೂ ಅದೇ ಭಂಗಿ, ಅದೇ ತಿರುಚು. ನಾಗನ ಪೂಜೆ ನಿಮ್ಮ ಮನೆಯ ನಂಬಿಕೆ, ಅದನ್ನು ಬಿಡಿ ಎಂದು ಹೇಳುವ ಕೆಲಸ ನನ್ನದಲ್ಲ. ಒಂದು ಸೇವೆ ಮುಗಿದು ಫಲ ಕಾಣುವ ತನಕ ಚಿಕಿತ್ಸೆಯನ್ನು ಮುಂದೂಡುವುದು ಮಾತ್ರ ಬೇಡ. ಎರಡೂ ಒಟ್ಟಿಗೆ ನಡೆಯಲಿ.

ಒಳಗೆ ಆಗುತ್ತಿರುವುದೇನು?

ಕೈ ಮಡಚಲು ಒಂದು ಸ್ನಾಯು ಬಿಗಿಯಬೇಕು, ಅದರ ಎದುರಿನದ್ದು ಸಡಿಲಾಗಬೇಕು. ಡಿಸ್ಟೋನಿಯಾದಲ್ಲಿ ಎರಡೂ ಒಟ್ಟಿಗೆ ಬಿಗಿಯುತ್ತವೆ. ರಾಟೆಯ ಹಗ್ಗವನ್ನು ಎರಡು ತುದಿಯಿಂದಲೂ ಜಗ್ಗಿದಂತೆ ಕೈ ಎತ್ತಲೂ ಹೋಗದೆ ಇಳಿಯಲೂ ಹೋಗದೆ ತಿರುಚಿಕೊಳ್ಳುತ್ತದೆ. ಬೇಡದ ಸ್ನಾಯುವನ್ನು ಸುಮ್ಮನಿರಿಸುವ ಬ್ರೇಕ್ ಮಿದುಳಿನ ಆಳದಲ್ಲಿದೆ. ಅದರ ಮುಖ್ಯ ಭಾಗಕ್ಕೆ ಗ್ಲೋಬಸ್ ಪ್ಯಾಲಿಡಸ್ ಇಂಟರ್ನಾ ಎಂದು ಹೆಸರು, ಎಡಕ್ಕೊಂದು ಬಲಕ್ಕೊಂದು, ನೆಲಗಡಲೆ ಬೀಜದಷ್ಟು ಗಾತ್ರ. ಅಲ್ಲಿಂದ ಹೊರಡುವ ಸಂಕೇತ ಈ ರೋಗದಲ್ಲಿ ತೀರಾ ಅಸ್ತವ್ಯಸ್ತ. ಎಂಆರ್‌ಐಯಲ್ಲಿ ರಚನೆ ಕಾಣುತ್ತದೆಯೇ ಹೊರತು ಸಂಕೇತದ ಲಯ ಕಾಣುವುದಿಲ್ಲ, ಆದ್ದರಿಂದಲೇ ನಿಮ್ಮ ರಿಪೋರ್ಟ್ ನಾರ್ಮಲ್. ಇದು ಸಮಾಧಾನದ ವಿಷಯವೇ. ಹೆರಿಗೆಯ ಸಮಯದಲ್ಲಿ ಉಸಿರು ಕಟ್ಟಿ ಅಥವಾ ಕಾಮಾಲೆ ತಲೆಗೇರಿ ಮಿದುಳಿನಲ್ಲಿ ಗಾಯವಾಗಿ ಬಂದ ಡಿಸ್ಟೋನಿಯಾಕ್ಕೆ ಆಪರೇಶನ್ನಿನಿಂದ ಸಿಗುವ ಫಲ ಕಡಿಮೆ. ರಚನೆ ಸರಿಯಿದ್ದು ಲಯ ಮಾತ್ರ ಕೆಟ್ಟಿದ್ದರೆ ಫಲ ಹೆಚ್ಚು.

ಆಪರೇಶನ್ನಿಗೆ ಮೊದಲು ಮೂರು ಪರೀಕ್ಷೆ

ನಿಮ್ಮ ಪತ್ರದಲ್ಲಿ ನಾನು ಹುಡುಕಿದ್ದು, ಸಿಗದೆ ಹೋದದ್ದು ಇವು. ಆಗಿದ್ದರೆ ಒಳ್ಳೆಯದು. ಆಗಿಲ್ಲವಾದರೆ ಇವು ಮುಗಿಯದೆ ಆಪರೇಶನ್ ಥಿಯೇಟರಿನ ಮೆಟ್ಟಿಲು ಹತ್ತಬೇಡಿ.

ಮೊದಲನೆಯದು ಲೆವೊಡೋಪಾ ಕೊಟ್ಟು ನೋಡುವುದು. ಔಷಧದಂಗಡಿಯಲ್ಲಿ ಸಿಂಡೋಪಾ ಮುಂತಾದ ಹೆಸರಿನಲ್ಲಿ ಸಿಗುವ, ಪಾರ್ಕಿನ್ಸನ್ ರೋಗಿಗಳು ನುಂಗುವ ಮಾತ್ರೆಯೇ ಇದು. ಬಾಲ್ಯದಲ್ಲಿ ಕಾಲಿನಿಂದ ಶುರುವಾಗುವ ಡಿಸ್ಟೋನಿಯಾದಲ್ಲಿ ಸೆಗಾವ ರೋಗ ಎಂಬ ಒಂದು ಬಗೆ ಉಂಟು. ಅದರಲ್ಲಿ ಮಿದುಳಿಗೆ, ಚಲನೆಗೆ ಅಗತ್ಯವಾದ ಡೋಪಮಿನ್ ತಯಾರಿಸಲು ಬೇಕಾದ ಒಂದು ರಾಸಾಯನಿಕವಷ್ಟೇ ಸಾಲದೆ ಬರುತ್ತದೆ. ಬೆಳಿಗ್ಗೆ ಎದ್ದಾಗ ಹಗುರ, ಸಂಜೆಗೆ ಜೋರು, ಮಧ್ಯಾಹ್ನ ಸ್ವಲ್ಪ ಮಲಗಿ ಎದ್ದರೆ ವಾಸಿ, ಹೀಗಿದೆಯೇ ಗಮನಿಸಿ. ಈ ಬಗೆಯಾಗಿದ್ದರೆ ದಿನಕ್ಕೆ ಒಂದೆರಡು ಮಾತ್ರೆಯಲ್ಲಿ, ಕೆಲವೇ ದಿನ ಅಥವಾ ವಾರಗಳಲ್ಲಿ ಮಗು ನೆಟ್ಟಗೆ ನಡೆಯುತ್ತದೆ. ಆ ಗುಣ ದಶಕಗಳ ಕಾಲ ಉಳಿಯುತ್ತದೆ. ಇಂಥ ಮಗುವಿನ ತಲೆಗೆ ರಂಧ್ರ ಕೊರೆದರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಪ್ಯಾಸಿಟೇನಿನಿಂದ ಸ್ವಲ್ಪ ಗುಣ ಕಂಡಿತೆಂದು ಸೆಗಾವ ಅಲ್ಲ ಎಂದುಕೊಳ್ಳಬೇಡಿ, ಅದರಲ್ಲೂ ಪ್ಯಾಸಿಟೇನ್ ಅಷ್ಟಿಷ್ಟು ಕೆಲಸ ಮಾಡುತ್ತದೆ. ಸಾಮಾನ್ಯವಾಗಿ 100 ಮಿ.ಗ್ರಾಂ. ಲೆವೊಡೋಪಾ ಇರುವ ಮಾತ್ರೆಯ ಅರ್ಧದಿಂದ ಶುರುಮಾಡಿ, ವಾರಕ್ಕಿಷ್ಟು ಏರಿಸಿ, ದಿನಕ್ಕೆ 300ರಿಂದ 400 ಮಿ.ಗ್ರಾಂ.ವರೆಗೆ ಒಯ್ದು, ಕನಿಷ್ಠ ಒಂದು ತಿಂಗಳು ನೋಡುತ್ತಾರೆ. ಮೊದಲ ವಾರ ವಾಕರಿಕೆ ಬರಬಹುದು. ಅದಕ್ಕೆಂದು ಅಂಗಡಿಯಿಂದ ಮೆಟಕ್ಲೋಪ್ರಮೈಡ್ ಇರುವ ವಾಂತಿ ಮಾತ್ರೆ ಮಾತ್ರ ತಂದು ಕೊಡಬೇಡಿ, ಅದರಿಂದಲೇ ಡಿಸ್ಟೋನಿಯಾ ಕೆರಳುತ್ತದೆ.

ಎರಡನೆಯದು ವಿಲ್ಸನ್ ಕಾಯಿಲೆಯ ಪರೀಕ್ಷೆ. ಯಕೃತ್ತು ತಾಮ್ರವನ್ನು ಹೊರಹಾಕಲಾರದೆ ಅದು ಮಿದುಳಿನಲ್ಲಿ ಸೇರಿಕೊಳ್ಳುವ ರೋಗ ಇದು. ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನ್, 24 ಗಂಟೆಯ ಮೂತ್ರದಲ್ಲಿ ತಾಮ್ರ, ಕಣ್ಣಿನ ವೈದ್ಯರಲ್ಲಿ ಸ್ಲಿಟ್ ಲ್ಯಾಂಪ್ ಪರೀಕ್ಷೆ, ಇಷ್ಟೇ. ಎಂಆರ್‌ಐ ನಾರ್ಮಲ್ ಇರುವುದರಿಂದ ಸಾಧ್ಯತೆ ಕಡಿಮೆ. ಆದರೂ ಮಾತ್ರೆಯಿಂದ ಹತೋಟಿಗೆ ಬರುವ ರೋಗವನ್ನು ಅಂದಾಜಿನ ಮೇಲೆ ಬಿಡಬಾರದು.

ಮೂರನೆಯದು ಜೀನ್ ಪರೀಕ್ಷೆ. ಒಂಬತ್ತರ ಹರೆಯ, ಪಾದದಿಂದ ಆರಂಭ, ಅಲ್ಲಿಂದ ಕೈಗೆ, ಬೆನ್ನಿಗೆ: ಈ ದಾರಿ ಡಿವೈಟಿ-1 ಎಂಬ ಬಗೆಯನ್ನು ನೆನಪಿಸುತ್ತದೆ. ಒಂಬತ್ತನೇ ಕ್ರೋಮೋಸೋಮಿನ ಟಾರ್-1ಎ ಜೀನಿನಲ್ಲಿ ಮೂರೇ ಅಕ್ಷರ ಅಳಿಸಿಹೋಗಿರುವುದು ಇದಕ್ಕೆ ಕಾರಣ. ಈ ಫಲಿತಾಂಶ ಕಡತಕ್ಕೆ ಸೇರಿಸುವ ಕಾಗದವಲ್ಲ. ಡಿವೈಟಿ-1 ಎಂದು ಬಂದರೆ ಡಿಬಿಎಸ್‌ನಿಂದ ಸಿಗುವ ಗುಣ ಬಹಳ ಚೆನ್ನಾಗಿರುತ್ತದೆ. ಕೆಎಂಟಿ-2ಬಿ ಎಂಬ ಜೀನಿನಲ್ಲಿ ದೋಷವಿದ್ದರೂ ಹಾಗೆಯೇ. ಡಿವೈಟಿ-6 ಎಂಬ ಇನ್ನೊಂದು ಬಗೆ ಆದರೆ ಕೈಕಾಲಿಗೆ ಗುಣ ಬಂದರೂ ಮಾತು ಅಷ್ಟಾಗಿ ಸುಧಾರಿಸದೆ ಉಳಿಯಬಹುದು. ಲಕ್ಷಗಟ್ಟಲೆ ಖರ್ಚು ಮಾಡುವ ಮೊದಲು ಏನು ನಿರೀಕ್ಷಿಸಬಹುದೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಬುದ್ಧಿ ಹೋಗುತ್ತದೆಯೇ?

ಡಿಬಿಎಸ್‌ನಲ್ಲಿ ಮಿದುಳಿನ ಭಾಗವನ್ನು ಕತ್ತರಿಸಿ ತೆಗೆಯುವುದಿಲ್ಲ. ನೆತ್ತಿಯ ಮುಂಭಾಗದಲ್ಲಿ ಎರಡೂ ಬದಿಗೆ ಸುಮಾರು 14 ಮಿ.ಮೀ. ಅಗಲದ ರಂಧ್ರ ಮಾಡಿ, 1.3 ಮಿ.ಮೀ. ದಪ್ಪದ ಮೆತ್ತನೆಯ ತಂತಿಯನ್ನು ಮೇಲೆ ಹೇಳಿದ ಗ್ಲೋಬಸ್ ಪ್ಯಾಲಿಡಸ್ ಇಂಟರ್ನಾಕ್ಕೆ ಇಳಿಸುತ್ತಾರೆ. ಎದೆಯಲ್ಲಿ ಕೂರಿಸಿದ ಬ್ಯಾಟರಿ ಯಂತ್ರದಿಂದ ಸಣ್ಣ ಕರೆಂಟ್ ಈ ತಂತಿಯಲ್ಲಿ ಹರಿದು, ಅಲ್ಲಿನ ಅಸ್ತವ್ಯಸ್ತ ಸಂಕೇತವನ್ನು ಹತೋಟಿಗೆ ತರುತ್ತದೆ. ನೆನಪು, ಲೆಕ್ಕ, ಭಾಷೆ ಕೆಲಸ ಮಾಡುವ ಜಾಗ ಗುರಿಯಲ್ಲ. ಡಿಸ್ಟೋನಿಯಾಕ್ಕೆ ಈ ಜಾಗದಲ್ಲಿ ತಂತಿ ಹಾಕಿಸಿಕೊಂಡವರನ್ನು ಪರೀಕ್ಷಿಸಿ ನೋಡಿದಾಗ ಬುದ್ಧಿಶಕ್ತಿಯಲ್ಲಿ ಗಣನೀಯ ಇಳಿಕೆ ಕಂಡುಬಂದಿಲ್ಲ. ನೀವು ಹೆದರುವ ಮರೆವು ಈಗಲೇ ಇದೆ, ಅದು ಪ್ಯಾಸಿಟೇನಿನಿಂದ ಬಂದಿರುವ ಸಾಧ್ಯತೆ ಹೆಚ್ಚು. ದಿನಕ್ಕೆ 12 ಮಿ.ಗ್ರಾಂ. ಆಯಿತು. ಮಕ್ಕಳು ಇದಕ್ಕಿಂತ ಹೆಚ್ಚು ತಡೆದುಕೊಳ್ಳುವುದುಂಟು, ಆದರೆ ಬಾಯಿ ಒಣಗಿ ಓದು ನಿಲ್ಲದಂತಾಗಿದೆ ಎಂದರೆ ಅವಳ ಮಿತಿ ಬಂದಿದೆ ಎಂದರ್ಥ. ಆಪರೇಶನ್ ಫಲ ಕೊಟ್ಟರೆ ಈ ಮಾತ್ರೆ ಇಳಿಸಲು ಬರುತ್ತದೆ. ನೀವಾಗಿ ತಟಕ್ಕನೆ ನಿಲ್ಲಿಸಬೇಡಿ, ರೋಗ ಒಮ್ಮೆಲೇ ಕೆರಳುತ್ತದೆ.

ಈ ಯಂತ್ರ ಹಾಕಿಸಿಕೊಂಡವರು ಮನಸ್ಸಿನ ಸಮಾಧಾನದಿಂದಲೇ ಗುಣವಾಗುತ್ತಾರೆ ಎಂಬ ಮಾತೂ ಇದೆ. ಅದನ್ನು ಪರೀಕ್ಷಿಸಿಯೇ ನೋಡಿದ್ದಾರೆ. ಜರ್ಮನಿಯ ತಂಡದ ಮುಂದಾಳುತನದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 40 ರೋಗಿಗಳಿಗೂ ಯಂತ್ರ ಹಾಕಿ, ಅರ್ಧದಷ್ಟು ಜನರಿಗೆ ಮೂರು ತಿಂಗಳು ಅದನ್ನು ಚಾಲೂ ಮಾಡಲೇ ಇಲ್ಲ. ಚಾಲೂ ಮಾಡಿದವರಲ್ಲಿ ರೋಗದ ತೀವ್ರತೆ ಅಳೆಯುವ ಅಂಕ ಸುಮಾರು ಶೇ. 40 ಇಳಿಯಿತು, ಮಾಡದವರಲ್ಲಿ ಶೇ. 5. ಅದಕ್ಕೆ ಹಿಂದಿನ ವರ್ಷ ಫ್ರಾನ್ಸಿನಲ್ಲಿ 22 ರೋಗಿಗಳನ್ನು ಒಂದು ವರ್ಷ ಗಮನಿಸಿದಾಗ ಅಂಕ ಸರಾಸರಿ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಸರಾಸರಿ ಎಂಬ ಮಾತನ್ನು ಗಮನಿಸಿ. ಕೆಲವರಿಗೆ ಶೇ. 80, ಕೆಲವರಿಗೆ ಶೇ. 20.

ಆಪರೇಶನ್ ದಿನ

ಪಾರ್ಕಿನ್ಸನ್ ರೋಗಿಗಳನ್ನು ಎಚ್ಚರವಿಟ್ಟು ಮಾಡುವುದು ರೂಢಿ. ಡಿಸ್ಟೋನಿಯಾ ಇರುವವರಿಗೆ ಅಲುಗಾಡದೆ ಮಲಗಲು ಸಾಧ್ಯವಿಲ್ಲದ್ದರಿಂದ ಹೆಚ್ಚಾಗಿ ಪೂರ್ತಿ ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ತಲೆಗೆ ನಾಲ್ಕು ಪಿನ್ನುಗಳಿಂದ ಲೋಹದ ಚೌಕಟ್ಟು ಬಿಗಿದು ಸಿಟಿ ಸ್ಕ್ಯಾನ್ ತೆಗೆದು, ಮೊದಲೇ ತೆಗೆದ ಎಂಆರ್‌ಐ ಚಿತ್ರದ ಮೇಲೆ ಅದನ್ನು ಕೂರಿಸಿ, ಕಂಪ್ಯೂಟರಿನಲ್ಲಿ ದಾರಿ ಗುರುತಿಸುತ್ತಾರೆ. ದಾರಿಯಲ್ಲಿ ರಕ್ತನಾಳ ಸಿಗದಂತೆ ಕೋನ ಆರಿಸುವುದೇ ಇಲ್ಲಿ ಹೊತ್ತು ತಿನ್ನುವ ಕೆಲಸ. ಬಹಳ ಕಡೆ, ಕೂದಲಿಗಿಂತ ತೆಳುವಾದ ತುದಿಯ ಸೂಜಿ ಇಳಿಸಿ ನರಕೋಶಗಳ ಸದ್ದು ಕೇಳಿ ಜಾಗ ಖಚಿತ ಮಾಡಿಕೊಳ್ಳುತ್ತಾರೆ. ಆಮೇಲೆ ತಂತಿಯ ಇನ್ನೊಂದು ತುದಿಯನ್ನು ಕಿವಿಯ ಹಿಂದಿನಿಂದ, ಕುತ್ತಿಗೆಯ ಚರ್ಮದ ಅಡಿಯಿಂದ ಒಯ್ದು, ಕಾಲರ್ ಬೋನ್‌ನ ಕೆಳಗೆ ಕೂರಿಸಿದ ಬ್ಯಾಟರಿಗೆ ಸೇರಿಸುತ್ತಾರೆ. ಹೊರಗೆ ಏನೂ ಕಾಣುವುದಿಲ್ಲ. ಬಡಕಲು ಮೈಯವರಲ್ಲಿ ಎದೆಯ ಮೇಲೆ ಸಣ್ಣ ಉಬ್ಬು ಕಾಣಬಹುದು. ಸದಾ ಬಿಗಿಯುವ ಸ್ನಾಯುಗಳು ಅನ್ನ ಸುಡುವುದರಿಂದ ಈ ಮಕ್ಕಳು ಸೊರಗಿರುತ್ತಾರೆ. ಚರ್ಮ ತೆಳುವಾಗಿದ್ದರೆ ಮುಂದೆ ಯಂತ್ರ ಚರ್ಮವನ್ನು ಸವೆಸಿ ಹೊರಬರುವ ಅಪಾಯ ಇದೆ. ಈಗಿನಿಂದಲೇ ಅವಳ ತೂಕ ಏರಿಸಿ.

ಅಪಾಯಗಳನ್ನು ಮುಚ್ಚಿಡುವುದಿಲ್ಲ. ತಂತಿ ಇಳಿಸುವಾಗ ರಕ್ತಸ್ರಾವವಾಗಿ ಪಾರ್ಶ್ವವಾಯುವಿನಂಥ ತೊಂದರೆ ಆಗುವುದು ನೂರರಲ್ಲಿ ಒಬ್ಬಿಬ್ಬರಿಗೆ. ಅಪರೂಪ, ಆದರೆ ಆದವರಿಗೆ ಅದು ಪೂರ್ತಿ ಬದುಕಿನ ಮಾತು. ಸೋಂಕು ಅದಕ್ಕಿಂತ ಹೆಚ್ಚು, ನೂರರಲ್ಲಿ ಮೂರರಿಂದ ಐದು, ಕೆಲವು ಕಡೆ ಇನ್ನೂ ಜಾಸ್ತಿ. ಸೋಂಕು ಯಂತ್ರಕ್ಕೆ ಹತ್ತಿದರೆ ಆಂಟಿಬಯಾಟಿಕ್ ಒಂದರಿಂದಲೇ ಹೋಗುವುದು ಕಷ್ಟ, ಯಂತ್ರವನ್ನೇ ತೆಗೆದು ತಿಂಗಳುಗಳ ನಂತರ ಮತ್ತೆ ಹಾಕಬೇಕಾಗುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು, ಕಜ್ಜಿ, ಕೆರೆತ ಸಾಮಾನ್ಯ. ಗಾಯ ಪೂರ್ತಿ ಮಾಗುವ ತನಕ ತಲೆಗೆ ಎಣ್ಣೆ ಬೇಡ, ಹೂ ಮುಡಿಯುವ ಪಿನ್ನೂ ಬೇಡ, ಕೆಂಪಾದರೆ ಅಥವಾ ಒದ್ದೆಯಾದರೆ ಅದೇ ದಿನ ತೋರಿಸಿ. ಕುತ್ತಿಗೆ ಸದಾ ತಿರುಗುವವರಲ್ಲಿ ತಂತಿ ತುಂಡಾಗುವುದು, ಬಿಗಿದು ಎಳೆಯುವುದು ಉಳಿದವರಿಗಿಂತ ಹೆಚ್ಚು.

ಚಿಕಿತ್ಸೆ ಶುರುವಾಗುವುದೇ ಆಮೇಲೆ

ಕುಟುಂಬಗಳು ಎಡವುವುದು ಇಲ್ಲಿಯೇ. ಆಪರೇಶನ್ ಒಂದು ದಿನದ್ದು, ಚಿಕಿತ್ಸೆ ಮುಂದಿನ ಒಂದು ವರ್ಷದ್ದು. ಯಂತ್ರ ಚಾಲೂ ಮಾಡಿದ ಕೂಡಲೇ ಕೈ ನಡುಕ ನಿಂತ ವಿಡಿಯೊಗಳನ್ನು ನೀವು ನೋಡಿರಬಹುದು. ಅವು ನಡುಕದ ರೋಗಿಗಳವು. ಡಿಸ್ಟೋನಿಯಾದಲ್ಲಿ ಎಳೆದು ಜಗ್ಗುವ ಚಲನೆ ದಿನಗಳಲ್ಲಿ, ವಾರಗಳಲ್ಲಿ ತಗ್ಗುತ್ತದೆ. ಗಟ್ಟಿಯಾಗಿ ನಿಂತ ಭಂಗಿ, ಅಂದರೆ ಅವಳ ಬಾಗಿದ ಸೊಂಟ, ತಿರುಗಿದ ಪಾದ, ಮೂರರಿಂದ ಆರು ತಿಂಗಳು, ಒಮ್ಮೊಮ್ಮೆ ವರ್ಷವನ್ನೇ ತೆಗೆದುಕೊಳ್ಳುತ್ತದೆ. ಎರಡನೇ ತಿಂಗಳಲ್ಲಿ ‘ಇಷ್ಟು ಹಣ ಸುರಿದು ಇದೇನಾ’ ಎಂದು ಮನೆಯಲ್ಲಿ ಮಾತು ಬರುತ್ತದೆ. ಬರುತ್ತದೆಂದು ಈಗಲೇ ತಿಳಿದಿರಿ.

ಪ್ರತಿ ತಂತಿಯ ತುದಿಯಲ್ಲಿ ಕನಿಷ್ಠ ನಾಲ್ಕು ಸಂಪರ್ಕ ಬಿಂದುಗಳಿರುತ್ತವೆ. ಯಾವ ಬಿಂದುವಿನಿಂದ, ಎಷ್ಟು ಕರೆಂಟ್, ಸೆಕೆಂಡಿಗೆ ಎಷ್ಟು ಸಲ (ಸಾಮಾನ್ಯವಾಗಿ 130ರ ಆಸುಪಾಸು) ಎಂಬುದನ್ನು ವೈದ್ಯರು ಚರ್ಮದ ಮೇಲಿನಿಂದಲೇ ಹೊಂದಿಸುತ್ತಾರೆ. ಕಣ್ಣಿಗೆ ಮಿಂಚು ಹೊಡೆದಂತಾದರೆ ಕರೆಂಟ್ ಕೆಳಗಿರುವ ದೃಷ್ಟಿನರಕ್ಕೆ ತಾಗುತ್ತಿದೆ, ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ ಪಕ್ಕದ ಚಲನೆಯ ನರದಾರಿಗೆ ತಾಗುತ್ತಿದೆ. ಬಿಂದು ಬದಲಿಸಿದರೆ, ಕರೆಂಟ್ ಇಳಿಸಿದರೆ ಇವು ಹೋಗುತ್ತವೆ. ಕೆಲವರಲ್ಲಿ ನಡಿಗೆ ನಿಧಾನವಾಗಿ ಹೆಜ್ಜೆ ಸಣ್ಣದಾಗುತ್ತದೆ, ಅದನ್ನೂ ಹೇಳಬೇಕು. ಬೇಗ ಗುಣವಾಗಲೆಂದು ಪ್ರತಿ ಭೇಟಿಯಲ್ಲಿ ಕರೆಂಟ್ ಏರಿಸುತ್ತಾ ಹೋಗುವುದು ತಪ್ಪು. ಒಂದು ಬದಲಾವಣೆಗೆ ವಾರಗಟ್ಟಲೆ ಕಾಯಬೇಕು.

ಹೀಗೆ ಮೊದಲ ವರ್ಷ ಹಲವು ಭೇಟಿ ಬೇಕು. ಎಲ್ಲಿ ಮಾಡಿಸುವುದು ಎಂಬ ಪ್ರಶ್ನೆಗೆ ಇದನ್ನೂ ಸೇರಿಸಿ ಲೆಕ್ಕ ಹಾಕಿ. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಎರಡರಲ್ಲೂ ಈ ರೋಗಗಳಲ್ಲಿ ಪಳಗಿದ ವೈದ್ಯರಿದ್ದಾರೆ. ಬೆಂಗಳೂರು ಹತ್ತಿರ ಎನಿಸುತ್ತದೆ, ಆದರೆ ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಬಸ್ಸೂ ಇಲ್ಲ, ಆ ಘಟ್ಟದ ರೈಲೂ ನಿಲ್ಲಬಹುದು. ತಿರುವನಂತಪುರದ ರೈಲು ಘಟ್ಟ ಹತ್ತದೆ ಕರಾವಳಿಯ ಉದ್ದಕ್ಕೆ ಹೋಗುತ್ತದೆ, ಮಂಗಳೂರಲ್ಲಿ ಸಂಜೆ ಮಾವೇಲಿ ಹತ್ತಿದರೆ ಬೆಳಿಗ್ಗೆ ಅಲ್ಲಿ. ಎಲ್ಲಿ ಮಾಡಿಸಿದರೂ ಯಂತ್ರ ಕೊಳ್ಳುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: ಆ ಕಂಪೆನಿಯ ಯಂತ್ರವನ್ನು ಹೊಂದಿಸುವವರು ಮಣಿಪಾಲದಲ್ಲೋ ಮಂಗಳೂರಿನಲ್ಲೋ ಇದ್ದಾರೆಯೇ? ಕೆಲವು ಹೊಸ ಮಾದರಿಗಳನ್ನು ಇಂಟರ್ನೆಟ್ ಮೂಲಕ ದೂರದಿಂದ ಹೊಂದಿಸಲೂ ಬರುತ್ತದೆ.

ಹಣದ ಮಾತು. ಯಂತ್ರ ಹೊರದೇಶದ್ದು, ಖರ್ಚಿನ ದೊಡ್ಡ ಪಾಲು ಅದಕ್ಕೇ. ರೀಚಾರ್ಜ್ ಮಾಡುವ ಮಾದರಿಯಾದರೆ ಒಟ್ಟು ಹತ್ತು ಲಕ್ಷ ದಾಟುವುದು ಸಾಮಾನ್ಯ. ರೀಚಾರ್ಜ್ ಆಗದ್ದು ಕಡಿಮೆಗೆ ಸಿಗುತ್ತದೆ, ಆದರೆ ಡಿಸ್ಟೋನಿಯಾಕ್ಕೆ ಕರೆಂಟ್ ಹೆಚ್ಚು ಬೇಕಾಗುವುದರಿಂದ ಮೂರು-ನಾಲ್ಕು ವರ್ಷಕ್ಕೆ ಬ್ಯಾಟರಿ ಮುಗಿದು ಎದೆಯ ಪೆಟ್ಟಿಗೆ ಬದಲಿಸಬೇಕಾಗಬಹುದು. ಹದಿನಾರರ ಹುಡುಗಿಗೆ ನನ್ನ ಸಲಹೆ ರೀಚಾರ್ಜ್ ಮಾದರಿ, ಮಾದರಿಗೆ ತಕ್ಕಂತೆ ಹದಿನೈದು ವರ್ಷದವರೆಗೂ ಬರುತ್ತದೆ. ಚಾರ್ಜ್ ಮಾಡುವುದು ಮೊಬೈಲಿನಷ್ಟೇ ಸಲೀಸು, ಮರೆಯಬಾರದು ಅಷ್ಟೇ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಚಾರ್ಜರನ್ನು ಗೋಡೆಯ ಪ್ಲಗ್ಗಿನಿಂದ ಕಳಚಿಡಿ. ಮೈಯೊಳಗಿನ ಯಂತ್ರ ಸಿಡಿಲನ್ನು ಸೆಳೆಯುತ್ತದೆ ಎಂಬುದು ಸುಳ್ಳು. ಆಯುಷ್ಮಾನ್ ಕಾರ್ಡಿನಲ್ಲಿ ಎಷ್ಟು ಸಿಗುತ್ತದೆ, ಯಂತ್ರವೂ ಸೇರಿದೆಯೇ ಎಂಬುದನ್ನು ಆಸ್ಪತ್ರೆಯಿಂದ ಬರಹದಲ್ಲೇ ಪಡೆಯಿರಿ.

ಬ್ಯಾಟರಿ ಮುಗಿದು ಯಂತ್ರ ಒಮ್ಮೆಲೇ ನಿಂತರೆ ರೋಗ ಮೊದಲಿಗಿಂತ ಜೋರಾಗಿ ಮರುಕಳಿಸಬಹುದು. ಮೈಯೆಲ್ಲ ಬಿಡುವಿಲ್ಲದೆ ಬಿಗಿದು, ಜ್ವರ ಬಂದು, ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಮೂತ್ರಪಿಂಡ ಕೆಡುತ್ತಿದೆ ಎಂದರ್ಥ. ಬೆಳಗಾಗಲೆಂದು ಕಾಯದೆ ಐಸಿಯು ಇರುವ ಆಸ್ಪತ್ರೆಗೆ ಓಡಬೇಕು. ಇದು ಆಪರೇಶನ್ ಆಗದವರಲ್ಲೂ ಜ್ವರ, ಸೋಂಕು, ಮಾತ್ರೆ ತಪ್ಪಿಸಿದ್ದರಿಂದ ಬರಬಹುದು, ಆದ್ದರಿಂದ ಈಗಲೇ ನೆನಪಿಡಿ.

ಯಂತ್ರ ಇರುವವರಿಗೆ ಫಿಸಿಯೋಥೆರಪಿಯ ಡಯಾಥರ್ಮಿ ಶಾಖ ಯಾವ ಕಾರಣಕ್ಕೂ ಕೊಡಬಾರದು. ತಂತಿಯ ತುದಿ ಕಾದು ಮಿದುಳು ಸುಡುತ್ತದೆ. ಸೊಂಟನೋವೆಂದು ಹೋದಲ್ಲಿ ಗೊತ್ತಿಲ್ಲದವರು ಹಚ್ಚಿಬಿಡಬಹುದು, ಅವಳೇ ಬಾಯಿಬಿಟ್ಟು ಹೇಳಬೇಕು. ಎಂಆರ್‌ಐ ಕೂಡ ಮಾದರಿಯ ಷರತ್ತು ನೋಡಿಯೇ.

ಬೇರೆ ದಾರಿಗಳು

ಬಿಗಿದ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಚುಚ್ಚುಮದ್ದು ಒಂದೆರಡು ಭಾಗದ ಡಿಸ್ಟೋನಿಯಾಕ್ಕೆ ಬಹಳ ಒಳ್ಳೆಯದು, ಸುಮಾರು ಮೂರು ತಿಂಗಳಿಗೊಮ್ಮೆ. ಮೈಪೂರ್ತಿ ಹರಡಿದ್ದಕ್ಕೆ ಸಾಲದು. ಆದರೂ ಆಪರೇಶನ್ನಿನ ತನಕ ಕುತ್ತಿಗೆಯ ನೋವಿಗಾಗಿ ಕೇಳಿ ನೋಡಿ.

ತಂತಿಯ ಬದಲು ಆ ಜಾಗವನ್ನು ಶಾಖದಿಂದ ಸುಡುವ ಹಳೆಯ ಆಪರೇಶನ್ ಈಗಲೂ ಇದೆ. ಯಂತ್ರವಿಲ್ಲ, ಬ್ಯಾಟರಿಯಿಲ್ಲ, ಖರ್ಚೂ ಕಡಿಮೆ. 2017ರಲ್ಲಿ ಬೆಂಗಳೂರಿನಲ್ಲಿ ಒಬ್ಬರು ಗಿಟಾರ್ ನುಡಿಸುತ್ತಿರುವಂತೆಯೇ ಅವರ ಬೆರಳಿನ ಡಿಸ್ಟೋನಿಯಾಕ್ಕೆ ಮಾಡಿದ್ದು ಇದೇ ಬಗೆಯದ್ದು, ಸುಟ್ಟ ಜಾಗ ಮಾತ್ರ ಬೇರೆ, ಪತ್ರಿಕೆಗಳಲ್ಲಿ ಬಂದಿತ್ತು. ಒಂದು ಕೈಯ ರೋಗಕ್ಕೆ ಅದು ಸರಿ. ನಿಮ್ಮ ಮಗಳಿಗೆ ಎರಡೂ ಬದಿ ಬೇಕು, ಎರಡೂ ಬದಿ ಸುಟ್ಟರೆ ಮಾತು, ನುಂಗುವಿಕೆ ಕೆಡುವ ಅಪಾಯ ಏರುತ್ತದೆ, ಕೆಟ್ಟರೆ ಸರಿಪಡಿಸಲು ಬರುವುದಿಲ್ಲ. ಸ್ಟೆಮ್ ಸೆಲ್ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಈ ರೋಗಕ್ಕೆ ಅದರಿಂದ ಗುಣವಾದ ಪುರಾವೆ ಇಲ್ಲ.

ತಮ್ಮ, ಮದುವೆ, ಪರೀಕ್ಷೆ

ಡಿವೈಟಿ-1 ಎಂದು ಬಂದರೆ, ಅದು ತಂದೆ ಅಥವಾ ತಾಯಿಯಿಂದ ಬಂದಿರುವುದು ಹೆಚ್ಚು, ಅವರಿಗೆ ರೋಗ ಇಲ್ಲದಿದ್ದರೂ. ಹಾಗಿದ್ದರೆ ತಮ್ಮನಿಗೆ ಆ ಜೀನು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದವರಲ್ಲೂ ರೋಗ ಕಾಣಿಸುವುದು ಹತ್ತರಲ್ಲಿ ಮೂವರಿಗೆ. ಅಂದರೆ ನೂರರಲ್ಲಿ ಸುಮಾರು ಹದಿನೈದು. ಇಪ್ಪತ್ತಾರು ವರ್ಷ ದಾಟಿದ ಮೇಲೆ ಶುರುವಾಗುವುದು ಅಪರೂಪ. ಮಗಳ ಮುಂದಿನ ಮಕ್ಕಳಿಗೂ ಇದೇ ಲೆಕ್ಕ. ಡಿಬಿಎಸ್ ಇದ್ದು ಸುಸೂತ್ರ ಹೆರಿಗೆಯಾದವರಿದ್ದಾರೆ. ಹುಡುಗನ ಕಡೆಯವರಿಂದ ಮುಚ್ಚಿಡಬೇಡಿ, ಎದೆಯ ಉಬ್ಬನ್ನು ಎಷ್ಟು ದಿನವೆಂದು ಮುಚ್ಚುವುದು?

ದ್ವಿತೀಯ ಪಿಯುಸಿ ಮುಗಿಯುವ ತನಕ ತಡೆಯುವುದು ನನಗೆ ಸರಿ ಕಾಣುವುದಿಲ್ಲ. ರೋಗ ಹಳೆಯದಾದಷ್ಟೂ ಫಲ ಇಳಿಯುತ್ತದೆ. ಬೆನ್ನೆಲುಬು ಬಾಗಿದ ಭಂಗಿಯಲ್ಲೇ ಗಟ್ಟಿಯಾದರೆ, ಪಾದದ ಸ್ನಾಯುರಜ್ಜು ಮೊಟಕಾದರೆ, ಮಿದುಳಿನ ಲಯ ಸರಿಯಾದರೂ ಎಲುಬು ನೆಟ್ಟಗಾಗುವುದಿಲ್ಲ. ಪರೀಕ್ಷೆಗಳನ್ನೂ ಲೆವೊಡೋಪಾ ತಿಂಗಳನ್ನೂ ಈಗಲೇ ಮುಗಿಸಿಕೊಳ್ಳಿ. ಎಲ್ಲವೂ ಡಿಬಿಎಸ್ ಕಡೆಗೇ ಬೊಟ್ಟು ಮಾಡಿದರೆ ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಕೂಡಲೇ ದಿನ ಹಿಡಿಯಿರಿ, ಮಳೆಗೆ ಮೊದಲು ಗಾಯ ಮಾಗುತ್ತದೆ, ಮೊದಲ ಹೊಂದಾಣಿಕೆಗಳು ರಜೆಯಲ್ಲೇ ಆಗುತ್ತವೆ. ಅದರೊಂದಿಗೇ ಜಿಲ್ಲಾ ಆಸ್ಪತ್ರೆಯಲ್ಲಿ ಅಂಗವೈಕಲ್ಯ ಪ್ರಮಾಣಪತ್ರಕ್ಕೆ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ. ಅದಿದ್ದರೆ ಪರೀಕ್ಷೆಯಲ್ಲಿ ಬರೆಯುವ ಸಹಾಯಕರನ್ನೂ ಹೆಚ್ಚುವರಿ ಸಮಯವನ್ನೂ ಕೇಳಬಹುದು.

ಇಷ್ಟು ವಿವರವಾದ ಪತ್ರದಲ್ಲಿ ಮಗಳು ಏನೆನ್ನುತ್ತಾಳೆ ಎಂಬುದು ಎಲ್ಲೂ ಇಲ್ಲ. ಯಂತ್ರವನ್ನು ಮೈಯೊಳಗೆ ಇಟ್ಟುಕೊಂಡು ಚಾರ್ಜ್ ಮಾಡುತ್ತಾ ಬಾಳುವವಳು ಅವಳು. ಮುಂದಿನ ಭೇಟಿಗೆ ಮೊದಲು ಅವಳು ನಡೆಯುವುದು, ಹಿಂದಕ್ಕೆ ನಡೆಯುವುದು, ಬರೆಯುವುದು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ಎರಡೆರಡು ನಿಮಿಷ ವಿಡಿಯೊ ಮಾಡಿಕೊಳ್ಳಿ. ಅವಳ ಪ್ರಶ್ನೆಗಳನ್ನು ಅವಳೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತರಲಿ, ವೈದ್ಯರೆದುರು ಮೊದಲು ಅವನ್ನೇ ಕೇಳಿಸಿ.